ಮಾವನ ವಾಲ್ವು, ಅಳಿಯನ ಗಿಟಾರು

ಈ ಸಲ ಮೂಡಲಗಿಯನ್ನು ನಡುಗಿಸಿಯೇ ಬಿಡುತ್ತೇನೆ ಎಂದು ನಾನು ನಿರ್ಧರಿಸಿದೆ!

ನಡುಗಿಸುವುದು ಎಂದರೆ ಬೈದು, ಬೆದರಿಸಿ ಅಲ್ಲ. ಅದಕ್ಕೆ ಬೇಕಾದ ಮೈಕಟ್ಟು ನನಗಿಲ್ಲ. ನಾದದಿಂದ! ಗಿಟಾರಿನ ಒಂದು ತಂತಿ ಮೀಟಿ, ಆ ನಾದಕ್ಕೆ ತರಾವರಿ ವೇಷ ತೊಡಿಸಿ, ನನ್ನ ಮಾವನವರ ಗಾಜಿನ ಬುರುಡೆಯಂಥ ವಾಲ್ವುಗಳ ಹಳೇ ಆಂಪ್ಲಿಫೈಯರಿನ ನಾಲ್ಕೂ ಚಾನೆಲ್ಲುಗಳಲ್ಲಿ ಹೊಗಿಸಿ, ಮಾಳಿಗೆಯ ಮೇಲಿನ ಭೋಂಗಾ ಸ್ಪೀಕರಿನಿಂದ ಹೊರಡಿಸಿದರೆ ಮೂಡಲಗಿಯೇನು, ಕಲ್ಲೋಳಿಯ ಜನ ಕೂಡ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟು ಕಿವಿ ನಿಮಿರಿಸಬೇಕು. ಹಾಗೆಂದು ಹುಕ್ಕೇರಿಯ ನಮ್ಮ ಕಚೇರಿಯಲ್ಲಿ, ಪಕ್ಕದ ಕುರ್ಚಿಯ ಕರೆಪ್ಪನ ಮುಂದೆ ಮೇಜು ಕುಟ್ಟಿ ಸಾರಿದೆ.

ಕರೆಪ್ಪ ಘೋಡಗೇರಿಯವನು, ಡೊಳ್ಳು ಬಾರಿಸುವ ಮನೆತನ. ನಾದ ಎಂದರೆ ಅವನಿಗೆ ಹೊಸದಲ್ಲ. ಫೈಲಿನಿಂದ ತಲೆ ಎತ್ತದೆ ಕೇಳಿದ:

"ಸರ, ಕಾರ್ಯಕ್ರಮ ಏನ್ರಿ ಅದು?"

"ನಮ್ಮ ಮಾವಾರ ವರ್ಷದ ಪುಣ್ಯಸ್ಮರಣಿ."

"ಹಂಗಾರ ಊರು ನಡುಗಸೂದು ಯಾಕ್ರಿ? ಹೋದವರನ್ನ ಹೊಳ್ಳಿ ಎಬ್ಬಸಬೇಕಂತ ಮಾಡೀರೇನು?"

ಕಲೆಯ ಗಂಧ ಇಲ್ಲದವರ ಜೊತೆ ವಾದಿಸಬಾರದು ಎಂದು ನಾನೂ ಒಂದು ಫೈಲು ಬಿಡಿಸಿದೆ.

ನನ್ನ ಉದ್ದೇಶವಾದರೂ ಉದಾತ್ತವಾಗಿಯೇ ಇತ್ತು. ನನ್ನ ಮಾವ ಮುರಿಗೆಪ್ಪನವರು ಮೂಡಲಗಿಯಲ್ಲಿ ಮೈಕ್‌ಸೆಟ್ ಇಟ್ಟುಕೊಂಡಿದ್ದವರು. ಸುತ್ತಲಿನ ಊರುಗಳ ಮದುವೆ, ಪುರಾಣ, ಚುನಾವಣೆ, ಯಾವುದಕ್ಕೂ ಅವರ ಆಂಪ್ಲಿಫೈಯರು ಕೂಗದೆ ಮುಹೂರ್ತವೇ ಬರುತ್ತಿರಲಿಲ್ಲ. ಆಮೇಲೆ ಎದೆ ನಡುಗಿಸುವ ಡಿ.ಜೆ.ಗಳು ಬಂದವು, ಮಾವನ ಡಬ್ಬಿ ಮನೆ ಸೇರಿತು. ಅವರಿಗೂ ಎದೆನೋವು ಶುರುವಾಯಿತು. ಡಾಕ್ಟರು, "ನಿಮ್ಮ ಹೃದಯದ ವಾಲ್ವ್ ಹೋಗಿದೆ" ಎಂದಾಗ ಮಾವ, "ಚಿಂತಿ ಮಾಡಬ್ಯಾಡ್ರಿ, ಮನ್ಯಾಗ ನನ್ನ ಹತ್ರ ಎರಡು ಜಾಸ್ತಿ ಅದಾವ" ಎಂದಿದ್ದರಂತೆ! ಡಾಕ್ಟರು ನಕ್ಕರು. ಮಾವ ಉಳಿಯಲಿಲ್ಲ.

ಅವರು ಹೋದ ಮೇಲೆ ಅತ್ತೆ ಕೆಂಚವ್ವನವರು ಬಾಡಿಹೋದರು. ಮೊದಲೇ ಮಾತು ಕಡಿಮೆ, ಈಗ ಅದೂ ನಿಂತಿತು. ಅರ್ಧ ರೊಟ್ಟಿ ಮುರಿದು, ಅದರಲ್ಲೂ ಅರ್ಧ ತಟ್ಟೆಯಲ್ಲಿ ಬಿಟ್ಟು ಏಳುವರು. ಸೀರೆಯೊಳಗೆ ಮನುಷ್ಯರು ಇದ್ದಾರೋ ಇಲ್ಲವೋ ಎನ್ನುವ ಹಾಗಾಗಿದ್ದರು. ನನ್ನ ಹೆಂಡತಿ ಸುಜಾತಾ ತವರಿಗೆ ಹೋಗಿ ಬಂದಾಗಲೆಲ್ಲ ಕಣ್ಣು ಕೆಂಪು ಮಾಡಿಕೊಂಡು ಬರುವಳು. ಗೋಕಾಕದ ನಮ್ಮ ಮನೆಯಲ್ಲಿ ಆ ವರ್ಷ ಕುಕ್ಕರ್ ಕೂಡ ಮೈತುಂಬಾ ಸೀಟಿ ಹೊಡೆದದ್ದು ನನಗೆ ನೆನಪಿಲ್ಲ.

ಆಗ ನನ್ನೊಳಗಿನ ತಜ್ಞ ಎಚ್ಚರಗೊಂಡ. ಅತ್ತೆಗೆ ಬೇಕಾಗಿರುವುದು ಟಾನಿಕ್ ಅಲ್ಲ, ಗಂಡನ ಆಂಪ್ಲಿಫೈಯರಿನ ದನಿ! ಆ ಡಬ್ಬಿ ಮತ್ತೆ ಹಾಡಿದರೆ ಅತ್ತೆ ಮತ್ತೆ ಮಾತಾಡುತ್ತಾರೆ. ಹಾಡಿಸುವವನು ಯಾರು? ಕಾಲೇಜಿನ ದಿನದಿಂದ ಗಿಟಾರು ಬಾರಿಸುತ್ತಿರುವ, ಇದುವರೆಗೆ ಒಂದು ವೇದಿಕೆಯನ್ನೂ ಹತ್ತದಿರುವ, ಶ್ರೀಶೈಲನೆಂಬ ಈ ಅಳಿಯ!

ಡಬ್ಬಿಯನ್ನು ತರಲು ಮೂಡಲಗಿಗೆ ಹೋದೆ. ಸುಜಾತಾಳ ತಮ್ಮ ಶಿವಕುಮಾರ ಅದನ್ನು ಕೂಸಿನಂತೆ ಎತ್ತಿ ತಂದು ಕಾರಿನಲ್ಲಿಟ್ಟ.

"ಭಾವಾರ, ಅಪ್ಪನ ಜೀವರಿ ಇದು. ಒಂದು ಗೀರು ಬೀಳಬಾರದು ನೋಡ್ರಿ."

"ಗೀರೇನೋ, ಇದಕ್ಕ ಹೊಸ ಜೀವಾನ ತುಂಬಿ ತರ್ತೇನಿ!" ಎಂದೆ. ಆಮೇಲೆ ಅತ್ತೆಯ ಬಳಿ ಹೋಗಿ ಬಾಗಿ ಕೇಳಿದೆ: "ಅತ್ತಿ, ಒಯ್ಯಲೇನ್ರಿ?"

ಅತ್ತೆ ಡಬ್ಬಿಯ ಕಡೆ ಒಮ್ಮೆ ನೋಡಿದರು.

"ಒಯ್ರಿ," ಎಂದರು. "ಹೊಳ್ಳಿ ತರಾಕ ಗಡಿಬಿಡಿ ಮಾಡಬ್ಯಾಡ್ರಿ."

ಎಂಥ ದೊಡ್ಡ ಮನಸ್ಸು! ನನ್ನ ಕಣ್ಣು ತೇವವಾಯಿತು.

ಗೋಕಾಕದ ಮನೆಯಲ್ಲಿ ನನಗೆಂದೇ ಒಂದು ಕೋಣೆ ಇದೆ. ಎರಡು ಗಿಟಾರು, ಒಂದು ಸ್ಟೂಲು, ಗೋಡೆಗೆ ಮೊಟ್ಟೆಯ ಟ್ರೇ. ಡಬ್ಬಿಯನ್ನು ಅಲ್ಲಿ ಸ್ಥಾಪಿಸಿದೆ. ಹಸಿರು ಬಣ್ಣದ ಕಬ್ಬಿಣದ ಮೈ, ಎದುರಿಗೆ ಒಂದೊಂದು ಚಾನೆಲಿನ ದನಿ ಏರಿಸಿ ಇಳಿಸುವ ನಾಲ್ಕು ಗುಂಡಿಗಳು. ಮೂರು ಮೈಕಿಗೆ, ನಾಲ್ಕನೆಯದು ಗ್ರಾಮೋಫೋನಿಗೆ. ಬಂದ್ ಮಾಡುವ ಬಟನ್ ಯಾವ ಕಾಲದಲ್ಲೋ ಮುರಿದಿದ್ದರಿಂದ ಮಾವ ವೈರನ್ನು ಸೀದಾ ಒಳಗೆ ಜೋಡಿಸಿಬಿಟ್ಟಿದ್ದರು. ಪ್ಲಗ್ ಹಾಕಿದರೆ ಚಾಲೂ, ಕಿತ್ತರೆ ಬಂದ್. ಪ್ಲಗ್ ಹಾಕಿದ ಸ್ವಲ್ಪ ಹೊತ್ತಿಗೆ ವಾಲ್ವುಗಳ ಹೊಟ್ಟೆಯಲ್ಲಿ ಕೆಂಡದಂಥ ಬೆಳಕು ಹತ್ತಿಕೊಂಡಿತು. ನಾನು ಕೈಮುಗಿದೆ.

ಇನ್ನು ನನ್ನ ಕಡೆಯ ಸೈನ್ಯ: ಆನ್‌ಲೈನಿನಲ್ಲಿ ತರಿಸಿದ, ಕಾಲಿನಿಂದ ಒತ್ತುವ ಪುಟ್ಟ ಪೆಡಲುಗಳು. ಒಂದು ಡಿಸ್ಟಾರ್ಷನ್. ಅದು ಸ್ವರವನ್ನು ಕಬ್ಬಿನಂತೆ ಗಾಣಕ್ಕೆ ಹಾಕಿ ಹಿಂಡುತ್ತದೆ. ಇನ್ನೊಂದು ಎಕೋ, ಒಂದು ಸ್ವರವನ್ನು ಬೆಟ್ಟಗಳಿಗೆ ಬಡಿದು ಬಂದಂತೆ ಮತ್ತೆ ಮತ್ತೆ ನುಡಿಸುತ್ತದೆ. ಕೊನೆಯದು ಲೂಪರ್. ಮಹಾಮಾಯಾವಿ! ಒಮ್ಮೆ ಒತ್ತಿದರೆ ಕೇಳಿದ್ದನ್ನು ನುಂಗಿಕೊಳ್ಳುತ್ತದೆ, ಮತ್ತೆ ಒತ್ತಿದರೆ ನುಂಗಿದ್ದನ್ನು ಕಕ್ಕುತ್ತದೆ, ಕಕ್ಕುತ್ತಲೇ ಇರುತ್ತದೆ. ನಿಲ್ಲಿಸಲು ಪಟಪಟನೆ ಎರಡು ಸಲ ಒತ್ತಬೇಕು. ಗಿಟಾರಿನಿಂದ ಹೊರಟ ವೈರು ಈ ಪೆಡಲುಗಳನ್ನೆಲ್ಲ ಹಾಯ್ದು ಆಂಪ್ಲಿಫೈಯರಿನ ಮೊದಲ ಚಾನೆಲಿಗೆ, ಅಲ್ಲಿಂದ ಸಣ್ಣ ಸಣ್ಣ ವೈರಿನ ತುಂಡುಗಳ ಮೂಲಕ ಉಳಿದ ಚಾನೆಲುಗಳಿಗೆ. ಹಾಗೆ ಮಾಡಿದರೆ ನಾದ ತುಂಬಿಕೊಳ್ಳುತ್ತದೆ ಎಂದು ವಿಡಿಯೋದಲ್ಲಿ ಒಬ್ಬ ಗಡ್ಡದ ಪರದೇಶಿ ಹೇಳಿದ್ದ. ಕೋಣೆಯ ನೆಲ ಶಾವಿಗೆ ಒಣಹಾಕಿದಂತೆ ಕಾಣುತ್ತಿತ್ತು.

ಮೊದಲ ಸಲ ದನಿ ಏರಿಸಿದಾಗ ಬಂದದ್ದು ಗುಂಯ್ಯೆನ್ನುವ ಸದ್ದು. ಸುಜಾತಾ ಬಾಗಿಲಿಗೆ ಬಂದಳು.

"ಏನ್ರಿ ಇದು, ಹಿಟ್ಟಿನ ಗಿರಣಿ ಚಾಲೂ ಮಾಡೀರೇನು?"

"ವಾಲ್ವಿನ ಉಸಿರದು ಸುಜಾತಾ!"

"ಉಸಿರು ಇಷ್ಟು ಜೋರಿದ್ರ ದವಾಖಾನಿಗೆ ಒಯ್ಬೇಕ್ರಿ ಅದನ್ನ."

"ಈಗ ಎಕೋ ಕೇಳು."

"ಎಕೋ ಅಂತ ಎಕೋ! ಯಾಕೋ ಅಂತ ಕೇಳೋರಿಲ್ಲ ನಿಮಗ," ಎಂದು ಹೊರಟುಹೋದಳು. ಮೊದಲಾಗಿದ್ದರೆ ನಗುತ್ತಾ ಅನ್ನುತ್ತಿದ್ದಳು. ಈಗ ಬರೀ ಅಂದಳು.

ಇನ್ನೊಂದು ವಿಚಿತ್ರ ಕಂಡಿತು. ಮೂರು ಚಾನೆಲ್ಲು ಏರಿಸಿದಾಗ ದನಿ ಏರುತ್ತದೆ. ನಾಲ್ಕನೆಯದನ್ನು, ಆ ಗ್ರಾಮೋಫೋನಿನದನ್ನು ಏರಿಸಿದರೆ ದನಿ ಇಳಿಯುತ್ತದೆ! ಇಳಿಸಿದರೆ ಗುಡುಗುತ್ತದೆ! ಉಳಿದವು ಹೌದು ಅಂದದ್ದಕ್ಕೆಲ್ಲ ಅದು ಅಲ್ಲ ಅನ್ನುತ್ತಿತ್ತು. ಒಂದು ಚಾನೆಲಿನ ಅಲೆ ಇನ್ನೊಂದರದ್ದಕ್ಕೆ ಉಲ್ಟಾ ಹೊರಟು ಎರಡೂ ಒಂದನ್ನೊಂದು ತಿಂದುಹಾಕುತ್ತವೆ ಎಂದು ಗಡ್ಡದವನು ವಿವರಿಸಿದ್ದ. ಉಪಾಯವನ್ನೂ ಹೇಳಿದ್ದ, ಆದರೆ ಅಷ್ಟರಲ್ಲಿ ನನ್ನ ನೆಟ್ ಪ್ಯಾಕ್ ಮುಗಿದಿತ್ತು. ನಾಲ್ಕೂ ಗುಂಡಿಗಳನ್ನು ಸಮ ಇಟ್ಟರೆ ಅವುಗಳ ಜಗಳದ ನಡುವೆ ಒಂದು ಮೆತ್ತನೆಯ ನಾದ ಹೊರಡುತ್ತದೆ ಎಂದು ನಾನೇ ಶೋಧಿಸಿ, ಬೆನ್ನು ತಟ್ಟಿಕೊಂಡೆ.

ಪುಣ್ಯಸ್ಮರಣೆಯ ದಿನ ಬೆಳಿಗ್ಗೆ ಮೂಡಲಗಿಯಲ್ಲಿ ಮೋಡ ಕವಿದಿತ್ತು. ಮಳೆ ಬರುವ ಮೋಡವಲ್ಲ, ಸುಮ್ಮನೆ ತಲೆಯ ಮೇಲೆ ಕೂತಿರುವ ಮೋಡ. ಅಂಗಳದಲ್ಲಿ ಶಾಮಿಯಾನ, ಮೇಜಿನ ಮೇಲೆ ಮಾವನ ಫೋಟೋ, ಫೋಟೋದ ಪಕ್ಕದಲ್ಲಿ ವಿಭೂತಿ ಬಳಿದು ಚೆಂಡುಹೂವಿನ ಹಾರ ಹಾಕಿದ ಆಂಪ್ಲಿಫೈಯರು. ಅದರ ಪ್ಲಗ್ಗಿನ ವೈರು ಕಿಟಕಿಯಿಂದ ಒಳಗೆ ಹೋಗಿ ಅಡುಗೆಮನೆಯ ಗೋಡೆ ಸೇರಿತ್ತು. ಶಿವಕುಮಾರ ಮಾಳಿಗೆಗೆ ಭೋಂಗಾ ಕಟ್ಟಿದ್ದ. ಕೌಜಲಗಿಯಿಂದ ಬಂದಿದ್ದ ಮಾವನ ತಮ್ಮ, ಹಿರಿಯರಾದ ಬಸವಣ್ಣೆಪ್ಪ ಕಾಕಾ, ಒಳಗೆ ಲಿಂಗಪೂಜೆಗೆ ಕೂತಿದ್ದರು. ಅವರಿಗೆ ತೊಂದರೆಯಾಗಬಾರದೆಂದು ನಾನು ಆಂಪ್ಲಿಫೈಯರಿನ ದನಿ ಪೂರ್ತಿ ಇಳಿಸಿ, ಪೆಡಲುಗಳು ಸರಿಯಾಗಿವೆಯೋ ಇಲ್ಲವೋ ಎಂದು ನೋಡಲು ಗಿಟಾರಿನ ಬದಲು ಮಾವನ ಹಳೇ ಮೈಕನ್ನು ಅವುಗಳಿಗೆ ಸಿಕ್ಕಿಸಿ, ಮೆಲ್ಲಗೆ "ಹಲೋ, ಹಲೋ" ಎನ್ನುತ್ತ ಪೆಡಲುಗಳ ಪುಟ್ಟ ದೀಪಗಳನ್ನು ನೋಡುತ್ತಿದ್ದೆ.

ಸುಜಾತಾ ಬಂದು ಪಕ್ಕದಲ್ಲಿ ಕುಳಿತಳು.

"ಒಂದು ಮಾತು ಹೇಳೋದೈತ್ರಿ."

"ಹೇಳು."

"ಅವ್ವನ್ನ ನಮ್ಮ ಜೋಡಿ ಕರ್ಕೊಂಡು ಹೋಗೂನ್ರಿ. ಹೆಂಗಾಗ್ಯಾಳ ನೋಡೀರಲ್ಲ. ತಮ್ಮಗೂ ಕೇಳೇನಿ, ಹೂಂ ಅಂದಾನ."

"ಬರಲಿ, ಬ್ಯಾಡ ಅಂದವರ್ಯಾರು? ನಾಕು ದಿನ ಇದ್ದು ಬರಲಿ."

"ನಾಕು ದಿನಕ್ಕಲ್ರಿ, ಇರಾಕ. ನಿಮ್ಮ ಗಿಟಾರಿನ ಕೋಣಿ ಖಾಲಿ ಮಾಡಿ ಕೊಡ್ರಿ."

ನನ್ನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಜಾರಿತು. ಎತ್ತಿಕೊಳ್ಳಲು ಬಾಗಿ, ಕಾಲು ಚಾಚಿದೆ.

"ಪಡಸಾಲ್ಯಾಗ ಇದ್ರ ಏನಾಗತೈತಿ? ಫ್ಯಾನ್ ಐತಿ, ಟಿ.ವಿ. ಐತಿ."

"ಮತ್ತ ಪಡಸಾಲ್ಯಾಗೇನ್ರಿ?" ಎಂದಳು ಸುಜಾತಾ.

"ಹಂಗಲ್ಲ ಸುಜಾತಾ, ವಿಚಾರ ಮಾಡು. ನಿಮ್ಮವ್ವಗ ಕೋಣಿ ಕೊಟ್ರ ನನ್ನ ಗಿಟಾರ ಎಲ್ಲಿ ಮಲಗಬೇಕು?"

ಅವಳು ನನ್ನನ್ನು ಒಮ್ಮೆ, ಗಿಟಾರನ್ನು ಒಮ್ಮೆ ನೋಡಿ, ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದು ಹೋದಳು. ನನಗೂ ಒಂಥರಾ ಆಯಿತು. ಹಿಂದೆ ಹೋಗಿ ಸಮಾಧಾನ ಮಾಡಬೇಕು ಅನ್ನಿಸಿತು. ಕಾರ್ಯಕ್ರಮ ಮುಗಿಯಲಿ, ನನ್ನ ವಾದನ ಕೇಳಿದ ಮೇಲೆ ಅವಳೇ ಕರಗುತ್ತಾಳೆ ಎಂದುಕೊಂಡು ಕೂತೆ. ಆಗ ನನ್ನ ಕಾಲು ಎಲ್ಲಿತ್ತು ಎಂದು ನೋಡಿಕೊಳ್ಳಬೇಕಿತ್ತು. ನೋಡಿಕೊಳ್ಳಲಿಲ್ಲ. ಚಾಚಿದ ಕಾಲು ಲೂಪರಿನ ಮೇಲೆ ಬಿದ್ದು, ಹಿಂದೆಳೆದುಕೊಂಡಾಗ ಪಟಪಟನೆ ಮತ್ತೆ ತಾಗಿ, ನಾನು ಕೊನೆಗೆ ಆಡಿದ ಮಾತನ್ನು ಅದು ಗುಳುಂ ಮಾಡಿ ಕೂತಿತ್ತು!

ಅಷ್ಟು ಹೊತ್ತಿಗೆ ಜನ ಬಂದರು. ಓಣಿಯವರು, ಬೀಗರು, ಮಾವನ ಮೈಕಿನಲ್ಲಿ ಮದುವೆಯಾದವರು, ಮಾವನ ಮೈಕಿನಲ್ಲಿ ಭಾಷಣ ಮಾಡಿ ಸೋತವರು. ಬಸವಣ್ಣೆಪ್ಪ ಕಾಕಾ ಮೈಕಿಲ್ಲದೆಯೇ ವಚನ ಹಾಡಿದರು. ಆಮೇಲೆ ಕೈ ಎತ್ತಿ ಹೇಳಿದರು:

"ಈಗ ನಮ್ಮಣ್ಣನ ಅಳಿಯಾರು, ನಮ್ಮಣ್ಣನ ಮಶೀನಿನ ಮ್ಯಾಲನ ವಾದ್ಯ ನುಡಸ್ತಾರ. ಎಲ್ಲಾರೂ ಶಾಂತ ಕೂಡ್ರಿ."

ನಾನು ಗಿಟಾರನ್ನು ಪೆಡಲುಗಳಿಗೆ ಜೋಡಿಸಿ, ನಾಲ್ಕೂ ಗುಂಡಿ ಸಮ ಏರಿಸಿ, ಮೊದಲ ತಂತಿ ಮೀಟಿದೆ.

ಖರೆ ಹೇಳುತ್ತೇನೆ, ಆ ಒಂದು ಸ್ವರ ಚೆನ್ನಾಗಿತ್ತು. ವಾಲ್ವಿನ ಬಿಸಿಯಲ್ಲಿ ಮೆತ್ತಗಾಗಿ, ಮಾಳಿಗೆಯಿಂದ ಇಳಿದು, ಜನರ ತಲೆಯ ಮೇಲೆ ಕೈಯಾಡಿಸಿದಂತೆ ಹೋಯಿತು. ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದ ಅತ್ತೆ ಮುಖ ಎತ್ತಿದರು! ನನ್ನ ಎದೆ ತುಂಬಿ ಬಂತು. ಈ ಸ್ವರವನ್ನು ಹಿಡಿದಿಟ್ಟು, ಅದರ ಮೇಲೆ ಇನ್ನೊಂದು ನೇಯಬೇಕು! ಲೂಪರನ್ನು ಒತ್ತಿದೆ. ಅದು ಹಿಡಿಯಲಿಲ್ಲ. ಹೊಟ್ಟೆಯಲ್ಲಿ ಮೊದಲೇ ಇದ್ದದ್ದನ್ನು ಕಕ್ಕಿತು.

"ನಿಮ್ಮವ್ವಗ ಕೋಣಿ ಕೊಟ್ರ ನನ್ನ ಗಿಟಾರ ಎಲ್ಲಿ ಮಲಗಬೇಕು?... ಲಗಬೇಕು?... ಬೇಕು?... ಬೇಕು?"

ನನ್ನದೇ ದನಿ! ಡಿಸ್ಟಾರ್ಷನ್ನಿನ ಗಾಣದಲ್ಲಿ ಹಿಂಡಿ, ಎಕೋದಲ್ಲಿ ಅದ್ದಿ ತೆಗೆದದ್ದು. ಬಯಲಾಟದ ರಾಕ್ಷಸ ಜಾಗ ಕೇಳಿದಂತಿತ್ತು. ಜನ ಮೊದಲು ಮಾಳಿಗೆಯ ಕಡೆ ನೋಡಿದರು, ಆಮೇಲೆ ನನ್ನ ಕಡೆ, ಆಮೇಲೆ ಅತ್ತೆಯ ಕಡೆ. ಅಷ್ಟರಲ್ಲಿ ಅದು ಎರಡನೇ ಸುತ್ತು ಬಂತು.

"ನಿಮ್ಮವ್ವಗ ಕೋಣಿ ಕೊಟ್ರ..."

ನಾನು ಲೂಪರನ್ನು ಒತ್ತಿದೆ. ಎರಡು ಸಲ ಪಟಪಟ ಒತ್ತಬೇಕೆಂಬುದು ಆ ಗಾಬರಿಯಲ್ಲಿ ಯಾರಿಗೆ ನೆನಪಿರುತ್ತದೆ? ಒಂದೇ ಸಲ ಒತ್ತಿದ್ದಕ್ಕೆ ಅದು, ಮಾತಿನ ಮೇಲೆ ಗಿಟಾರನ್ನೂ ಸೇರಿಸು ಅನ್ನುತ್ತಿದ್ದಾನೆ ಎಂದು ತಿಳಿದುಕೊಂಡಿತು. ನನ್ನ ಕೈ ತಂತಿಗೆ ತಾಗಿ ಹುಟ್ಟಿದ ಕರ್ಕಶವನ್ನೆಲ್ಲ ಸೇರಿಸಿಕೊಂಡು, ಮುಂದಿನ ಸುತ್ತು ಹಿನ್ನೆಲೆ ಸಂಗೀತದ ಸಮೇತ ಬಂತು!

"ಭಾವಾರ, ಬಂದ್ ಮಾಡ್ರಿ!" ಎಂದು ಶಿವಕುಮಾರ ಕೂಗಿದ.

"ಬಟನ್ ಎಲ್ಲೈತೋ ಇದಕ್ಕ!"

"ದನಿ ಇಳಸ್ರಿ, ದನಿ!"

ಗುಂಡಿಗೆ ಕೈ ಹಾಕಿದೆ. ಕೈಗೆ ಸಿಕ್ಕದ್ದು ನಾಲ್ಕನೆಯದು. ಗ್ರಾಮೋಫೋನಿನದು! ಇಳಿಸಿದೆ. ಅದುವರೆಗೆ ಉಳಿದ ಮೂರನ್ನು ತಡೆದು ಹಿಡಿದಿದ್ದ ಆ ಒಂದು ಬಾಯಿ ಮುಚ್ಚಿದ್ದೇ ತಡ, ಮೂರೂ ಸೇರಿ ಒಮ್ಮೆಗೇ ಗುಡುಗಿದವು. ಶಾಮಿಯಾನದ ಬಟ್ಟೆ ಅಲುಗಿತು. ಪಕ್ಕದ ಮನೆಯ ಎಮ್ಮೆ ಹಗ್ಗ ಹರಿದುಕೊಂಡಿತು. ಯಾರೋ ಪ್ಲಗ್ ಕೀಳಲು ಅಡುಗೆಮನೆಗೆ ಓಡಿದರು, ಅಲ್ಲಿ ಗೋಡೆಗೆ ಒರಗಿಸಿದ್ದ ಹುಗ್ಗಿಯ ಹಂಡೆಗಳನ್ನು ದಾಟಲಾಗದೆ ನಿಂತರು. ನಾನು ಆಂಪ್ಲಿಫೈಯರಿನ ಹಿಂದೆ ಕೈ ಹಾಕಿ, ಭೋಂಗಾದ ವೈರನ್ನು ಹಿಡಿದು ಜಗ್ಗಿದೆ. ಕಿತ್ತು ಬಂತು.

ಶಾಂತಿ! ಅಬ್ಬಾ, ಎಂಥ ಶಾಂತಿ! ಬದುಕಿದೆ ಎಂದು ನಾನು ಉಸಿರು ಬಿಟ್ಟೆ.

ವಾಲ್ವಿನ ಆಂಪ್ಲಿಫೈಯರಿನ ಬಗ್ಗೆ ಆ ಗಡ್ಡದವನು ಪ್ರತಿ ವಿಡಿಯೋದ ಮೊದಲಿಗೂ ಹೇಳುತ್ತಿದ್ದ ಮಾತು ಒಂದೇ ಒಂದಿತ್ತು: ಅದು ನಡೆಯುತ್ತಿರುವಾಗ ಸ್ಪೀಕರಿನ ವೈರು ಮಾತ್ರ ಕೀಳಬೇಡಿ, ಹೊರಹೋಗಲು ದಾರಿ ಇಲ್ಲದ ಶಕ್ತಿ ಒಳಗಿನ ಟ್ರಾನ್ಸ್‌ಫಾರ್ಮರನ್ನೇ ಸುಡುತ್ತದೆ. ಆ ಭಾಗವನ್ನು ನಾನು ಯಾವಾಗಲೂ ಓಡಿಸಿ ಮುಂದೆ ಹೋಗುತ್ತಿದ್ದೆ.

"ಲೋಬಾನ ಯಾರು ಹಾಕಿದ್ರಪಾ?" ಎಂದರು ಬಸವಣ್ಣೆಪ್ಪ ಕಾಕಾ, ಮೂಗು ಎಳೆಯುತ್ತ.

ಲೋಬಾನವಲ್ಲ. ಹಸಿರು ಡಬ್ಬಿಯ ರಂಧ್ರಗಳಿಂದ ಸಣ್ಣಗೆ ಹೊಗೆ ಏಳುತ್ತಿತ್ತು. ಒಳಗೆ ಚಟ್ ಎಂದಿತು. ನೀಲಿ ಕಿಡಿ ಹಾರಿತು. ಅರಗು ಸುಟ್ಟ ವಾಸನೆ. ವಾಲ್ವುಗಳ ಕೆಂಡ ಒಂದೊಂದಾಗಿ ಆರಿಹೋಯಿತು. ಮಾವನ ಫೋಟೋದ ಎದುರಿಗೇ, ಹಾರ ಹಾಕಿಕೊಂಡೇ, ಆ ಡಬ್ಬಿ ಸತ್ತಿತು.

ಶಿವಕುಮಾರ ಅದರ ಮುಂದೆ ಕುಕ್ಕರಗಾಲಲ್ಲಿ ಕೂತ. ಮುಟ್ಟಿ ನೋಡಿದ, ಕೈ ಸುಟ್ಟುಕೊಂಡ.

"ಅಪ್ಪ ಹ್ವಾದಾಗ ಓಡ್ಯಾಟದಾಗ ನನಗ ಅಳಾಕ ಆಗಿರಲಿಲ್ರಿ ಭಾವಾರ," ಎಂದ. ಮತ್ತೆ ಅಲ್ಲಿಯೇ, ಅಷ್ಟು ಜನರ ಎದುರು, ಮಕ್ಕಳಂತೆ ಅತ್ತ. ಅವನನ್ನು ನೋಡಿ ಸುಜಾತಾ ಅತ್ತಳು. ಅವರಿಬ್ಬರನ್ನು ನೋಡಿ ಓಣಿಯ ಹೆಂಗಸರು ಅತ್ತರು. ಅತ್ತೆ ಅಳಲಿಲ್ಲ. ಹೊಗೆಯನ್ನೇ ನೋಡುತ್ತ ಕೂತಿದ್ದರು. ನಾನು ಗಿಟಾರನ್ನು ಕೊರಳಿಗೆ ನೇತುಹಾಕಿಕೊಂಡು, ಯಾರೂ ಎತ್ತಿಕೊಂಡು ಹೋಗದ ಸಾಮಾನಿನಂತೆ ನಿಂತಿದ್ದೆ.

ಊಟದ ಪಂಕ್ತಿಯಲ್ಲಿ ಯಾರೂ ನನ್ನ ಮುಖ ನೋಡಲಿಲ್ಲ. ಹುಗ್ಗಿಗೆ ತುಪ್ಪ ಬಡಿಸುತ್ತಿದ್ದವರು ನನ್ನ ಎಲೆ ಬಂದಾಗ ಮಾತ್ರ ಮಿಳ್ಳೆ ಎತ್ತಿಹಿಡಿದು ದಾಟಿದರು. ದೂರದಲ್ಲಿ ಒಬ್ಬ ಮುದುಕ, "ಬಾಜೂಕ ಇನ್ನೊಂದು ಎಲಿ ಹಾಕ್ರೆಪಾ, ಗಿಟಾರಿಂದು ಊಟಾ ಆಗಿಲ್ಲ" ಎಂದ. ಒಂದಿಬ್ಬರು ಕೆಮ್ಮಿದಂತೆ ಮಾಡಿ ನಕ್ಕರು. ಕಲ್ಲೋಳಿಯಿಂದ ತಡವಾಗಿ ಬಂದ ಬೀಗರೊಬ್ಬರು, "ದಾರ್‍ಯಾಗ ಏನೋ ಒದರಿದಂಗ ಕೇಳಸ್ತು, ಯಾರಿಗೋ ಮಲಗಾಕ ಜಾಗಾ ಇಲ್ಲಂತಲ್ಲ" ಎಂದು ಮುಗ್ಧವಾಗಿ ವಿಚಾರಿಸಿದರು.

ಎಲ್ಲ ಮುಗಿದು ನಾನು ಕಾರಿನ ಹತ್ತಿರ ತಲೆ ತಗ್ಗಿಸಿ ನಿಂತಿದ್ದಾಗ ಅತ್ತೆ ಬಂದರು. ಕೈಯಲ್ಲಿ ಒಂದು ಚೀಲ, ಕಂಕುಳಲ್ಲಿ ಒಂದು ಕೌದಿ.

"ನಡೀರಿ ಅಳಿಯಾರ," ಎಂದರು. "ಗಾಡಿ ತಗೀರಿ."

ಆ ವರ್ಷದಲ್ಲಿ ಅವರು ತಾವಾಗಿಯೇ ನನ್ನೊಡನೆ ಆಡಿದ ಮೊದಲ ಮಾತು ಅದು. ನನ್ನ ಚಿಕಿತ್ಸೆ ಫಲಿಸಿತು ಎಂದು ಹೇಳಿಕೊಳ್ಳುವ ಧೈರ್ಯ ಮಾತ್ರ ನನಗೆ ಇರಲಿಲ್ಲ. ಗೋಕಾಕ ಮುಟ್ಟುವವರೆಗೂ ಸುಜಾತಾ ಅವ್ವನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದಳು.

ಕೋಣೆ ಖಾಲಿಯಾಯಿತು. ಇಡೀ ಮೂಡಲಗಿ ಕೇಳಿಸಿಕೊಂಡ ಮೇಲೆ ಖಾಲಿ ಮಾಡದೆ ಗತಿಯುಂಟೆ? ಮೊಟ್ಟೆಯ ಟ್ರೇಗಳನ್ನು ನಾನೇ ಕಿತ್ತೆ, ಅದರ ಅಂಟನ್ನು ನಾನೇ ಕೆರೆದೆ, ಸುಣ್ಣವನ್ನೂ ನಾನೇ ಹಚ್ಚಿದೆ. ಸುಜಾತಾ ಬಹಳ ದಿನ ನನ್ನೊಡನೆ ಪಾತ್ರೆಗಳ ಮೂಲಕವೇ ಮಾತಾಡಿದಳು. ತಾಟು ಕುಕ್ಕಿದರೆ ಊಟ, ಲೋಟ ಕುಕ್ಕಿದರೆ ಚಹಾ. ಅತ್ತೆ ಮಾತ್ರ ದಿನದಿನಕ್ಕೆ ಗೆಲುವಾದರು. ಒಂದು ರೊಟ್ಟಿ ಪೂರ್ತಿ ಉಣ್ಣತೊಡಗಿದರು. ಕಿಟಕಿ ತೆಗೆದುಕೊಂಡು ಕೂತು ಓಣಿಯ ಹೆಂಗಸರ ಜೊತೆ ಮಾತಾಡತೊಡಗಿದರು.

ಅವರನ್ನು ನೋಡಿದಾಗಲೆಲ್ಲ ನನ್ನ ಎದೆ ಚುರುಕ್ ಎನ್ನುತ್ತಿತ್ತು. ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳಲಾಗದು. ಸುಟ್ಟದ್ದನ್ನಾದರೂ ಸರಿಮಾಡಬಹುದಲ್ಲ? ಶಿವಕುಮಾರನನ್ನು ಕಾಡಿ ಬೇಡಿ ಡಬ್ಬಿ ಇಸಿದುಕೊಂಡು ಹುಬ್ಬಳ್ಳಿಗೆ ಒಯ್ದೆ. ಟ್ರಾನ್ಸ್‌ಫಾರ್ಮರ್ ಸುತ್ತಿಸಿ, ವಾಲ್ವು ಬದಲಿಸಿ, ಮಕ್ಕಳನ್ನು ಕರೆತರುವಂತೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ.

"ಅವ್ವನ್ನ ಕೇಳೀರೇನು?" ಎಂದಳು ಸುಜಾತಾ, ಬಾಗಿಲಲ್ಲಿ.

"ಕೇಳೋದೇನೈತಿ? ನೋಡಿದ ಕೂಡಲೇ ಕಣ್ಣಾಗ ನೀರು ಬರತಾವ ನೋಡು!"

ಅತ್ತೆ ಮಂಚದ ಮೇಲೆ ಕೂತು ಮೆಂತ್ಯಪಲ್ಲೆ ಸೋಸುತ್ತಿದ್ದರು. ನಾನು ಡಬ್ಬಿ ಎತ್ತಿಕೊಂಡೇ ಒಳಗೆ ಹೋದೆ.

"ಅತ್ತಿ, ಯಾರನ್ನ ಕರ್ಕೊಂಡು ಬಂದೇನಿ ನೋಡ್ರಿ!"

ಅತ್ತೆ ನೋಡಿದರು. ಅವರ ಕೈ ನಿಂತಿತು.

"ಇದು ಮತ್ತ ಬಂತೇನ್ರಿ?"

"ರಿಪೇರಿ ಆಗೈತ್ರಿ! ಇಲ್ಲೇ ನಿಮ್ಮ ತಲಿದಿಂಬಿನ ಕಡೆ ಇಡ್ತೇನಿ. ಮಾವಾರ ಜೀವಾನ ಇದರಾಗ ಇತ್ತಲ್ರಿ."

"ಹೌದ್ರಿ, ಇದರಾಗ ಇತ್ತು," ಎಂದರು ಅತ್ತೆ. "ಮನ್ಯಾಗ ಇರಲಿಲ್ಲ."

ನಾನು ಭಾರ ಹೊತ್ತು ನಿಂತೇ ಇದ್ದೆ. ಅತ್ತೆ ಮೆಂತ್ಯದ ಕಡ್ಡಿಯೊಂದನ್ನು ಮುರಿದು ಪಕ್ಕಕ್ಕಿಟ್ಟರು.

"ನಾ ಲಗ್ನಾಗಿ ಬಂದಾಗ ನಮಗಂತ ಇದ್ದದ್ದು ಒಂದ ಕೋಣಿ. ಇದಕ್ಕ ಥಂಡಿ ಹತ್ತತೈತಿ ಅಂತ ಒಳಗ ತಂದಿಟ್ರು. ಧೂಳು ಕೂಡ್ರತೈತಿ ಅಂತ ಕಿಡಕಿ ಮುಚ್ಚಿದ್ರು. ಇದರ ಹಿಂದ ಭೋಂಗಾ ಬಂದ್ವು, ವೈರ್ ಬಂದ್ವು. ನನ್ನ ಹಾಸಿಗಿ ಪಡಸಾಲಿಗೆ ಬಂತು. ಎರಡು ಬಾಣಂತನ ಅಲ್ಲೇ ಆದ್ವು. ಬಂದವರು, ಹೋದವರು, ನಾ ಸೆರಗ ಹೊದ್ಕೊಂಡು ಗ್ವಾಡಿ ಕಡೆ ಮುಖಾ ಮಾಡಿ ಮಲಗೂದು. ಅಲ್ಲೇ ಮುಪ್ಪಾತು."

"ಮತ್ತ... ಮಾವಾರಿಗೆ ಒಂದು ಮಾತು ಹೇಳಬೇಕಾಗಿತ್ತಲ್ರಿ ಅತ್ತಿ."

"ಹೇಳಿದ್ದೆ. ಅವರು ಮೈಕ್ ಟೆಸ್ಟ್ ಮಾಡಾಕತ್ತಿದ್ರು."

ನಾನು ಡಬ್ಬಿಯ ಭಾರವನ್ನು ಇನ್ನೊಂದು ತೋಳಿಗೆ ಸರಿಸಿದೆ.

"ಅವರು ನೆನಪಾಗೂದಿಲ್ಲೇನ್ರಿ?"

"ದಿನಾ ನೆನಪಾಗತಾರ. ಚೊಲೋ ಮನಶ್ಯಾ. ಅದಕ್ಕ ಒಂದು ವರ್ಷ ರೊಟ್ಟಿ ಇಳೀಲಿಲ್ಲ." ಅತ್ತೆ ಡಬ್ಬಿಯ ಕಡೆ ಗಲ್ಲ ತೋರಿಸಿದರು. "ಇದು ನೆನಪಾಗೂದಿಲ್ಲ. ಅವತ್ತು ಹೊಗಿ ಬಂದಾಗ ಎಲ್ಲಾರೂ ಅತ್ರು. ನಾನೂ ಅಳಬೇಕಂತ ಭಾಳ ಮಾಡಿದೆ. ಬರಲಿಲ್ರಿ."

ನನ್ನ ತೋಳುಗಳು ಸೋತಿದ್ದವು. ಡಬ್ಬಿಯನ್ನು ಆ ಕೋಣೆಯಲ್ಲಿ ಕೆಳಗಿಡಲು ಧೈರ್ಯವಾಗಲಿಲ್ಲ.

"ತಪ್ಪಾತ್ರಿ ಅತ್ತಿ. ಅವತ್ತು ನಾ ಆ ಮಾತು ಆಡಬಾರದಿತ್ತು."

"ಅಯ್ಯ, ಯಾಕ್ರಿ?" ಅತ್ತೆ ನಿಜವಾಗಿಯೂ ಆಶ್ಚರ್ಯಪಟ್ಟರು. "ನಿಮ್ಮ ಮಾವಾರು ಜೀವನ ತುಂಬಾ ಅದನ್ನ ಮಾಡಿದ್ರು, ಒಂದು ದಿನ ಬಾಯಿ ಬಿಟ್ಟು ಅನ್ನಲಿಲ್ಲ. ಹಿಂಗಾಗಿ ಯಾರಿಗೂ ಗೊತ್ತಾಗಲಿಲ್ಲ. ನೀವು ಭೋಂಗಾ ಹಚ್ಚಿ ಅಂದ್ರಿ, ಊರೆಲ್ಲಾ ಕೇಳಸ್ತು. ಅದಕ್ಕ ನನಗ ಕೋಣಿ ಸಿಕ್ತು!"

ಹೇಳಿ, ಸೋಸಿದ ಪಲ್ಲೆಯ ಬುಟ್ಟಿಯನ್ನು ಡಬ್ಬಿಯ ಮೇಲಿಟ್ಟು ಸುಜಾತಾಳಿಗೆ ಕೊಡಲು ನನಗೆ ಹೇಳಿದರು.

"ಇನ್ನ ನಡೀರಿ ಅಳಿಯಾರ. ನಾ ಸ್ವಲ್ಪ ಅಡ್ಡಾಗತೇನಿ."

ನಾನು ಹೊರಗೆ ಬಂದೆ. ಹಿಂದೆ ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಹಾಕಿಕೊಂಡ ಸದ್ದು ಕೇಳಿಸಿತು. ನಿಧಾನವಾಗಿ, ಸರಿಯಾಗಿ ಬಿತ್ತೋ ಇಲ್ಲವೋ ಎಂದು ಒಮ್ಮೆ ಎಳೆದು ನೋಡಿ ಹಾಕಿಕೊಂಡ ಸದ್ದು.

ಪಡಸಾಲೆಯಲ್ಲಿ, ಎದೆಗೆ ಆಂಪ್ಲಿಫೈಯರು, ಅದರ ಮೇಲೆ ಮೆಂತ್ಯದ ಬುಟ್ಟಿ ಹೊತ್ತು ನಿಂತ ನನ್ನನ್ನು ಸುಜಾತಾ ಅಡಿಯಿಂದ ಮುಡಿಯವರೆಗೆ ನೋಡಿದಳು.

"ಏನಂದ್ಲು ಅವ್ವ?"

"ನನ್ನಿಂದ ಭಾಳ ಉಪಕಾರ ಆತಂತ," ಎಂದೆ.